ಗುರುವಾರದ ಕನ್ನಡಿ

ಮಧುರಾ ಕಾರಿನ ಹಿಂದಿನ ಸೀಟಿನ ಕಾಲಡಿಯಲ್ಲಿ ಮೊಣಕಾಲೂರಿ ಕುಳಿತು ನೆಲ ಒರೆಸುತ್ತಿದ್ದಳು. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಸೀಟಿನ ಸಂದಿಯಲ್ಲಿ ಯಾವುದೋ ಮಗು ಚೆಲ್ಲಿಹೋದ ಬಿಸ್ಕತ್ತಿನ ಪುಡಿ ಇತ್ತು. ಅದನ್ನು ಉಗುರಿನ ತುದಿಯಿಂದ ಹೆಕ್ಕಿ ಹೆಕ್ಕಿ ಅಂಗೈಗೆ ಹಾಕಿಕೊಂಡಳು. ಶೋರೂಮಿನಲ್ಲಿ ಇನ್ನೂ ಯಾರ ಮಾತೂ ಶುರುವಾಗಿರಲಿಲ್ಲ. ದಿನದಲ್ಲಿ ಅವಳಿಗೆ ತುಂಬ ಇಷ್ಟವಾದ ಹೊತ್ತು ಅದು.

ಶಿರಸಿಯ ಆ ಶೋರೂಮಿನಲ್ಲಿ ಹಿಂದೆಲ್ಲ ನಾಲ್ಕು ಕಾರು ನಿಲ್ಲುತ್ತಿದ್ದವು. ಆ ವರ್ಷ ಉಳಿದದ್ದು ಒಂದೇ, ಬೂದು ಬಣ್ಣದ ಏಳು ಸೀಟಿನದು. ಅದೂ ಮಾರುವುದಕ್ಕಲ್ಲ, ತೋರಿಸುವುದಕ್ಕೆ. ಜನ ಬಂದು ಬಾಗಿಲು ತೆಗೆದು ಕೂತು ನೋಡುತ್ತಿದ್ದರು, ಹೆಸರು ಬರೆಸಿ ಹೋಗುತ್ತಿದ್ದರು, ಆಮೇಲೆ ತಿಂಗಳುಗಟ್ಟಲೆ ಕಾಯುತ್ತಿದ್ದರು. ಉಗುರಿನಷ್ಟು ದೊಡ್ಡ ಎಂಥದೋ ಚಿಪ್ ಸಿಗದೆ ಕಂಪನಿಯಲ್ಲಿ ಸಾವಿರಾರು ಗಾಡಿ ಅರ್ಧಕ್ಕೆ ನಿಂತಿವೆ ಎಂದು ಮ್ಯಾನೇಜರ್ ಸುಭಾಷ ಬಂದವರಿಗೆಲ್ಲ ಹೇಳಿ ಹೇಳಿ ಸುಸ್ತಾಗಿದ್ದರು.

ಮುಂದಿನ ಬಾಗಿಲು ತೆರೆದುಕೊಂಡಿತು. ಯಾರೋ ಡ್ರೈವರ್ ಸೀಟಿನಲ್ಲಿ ಕುಳಿತರು. ಕಾರು ಸಣ್ಣಗೆ ತೂಗಿತು.

"ಯಾವಾಗ ಬರ್ತಿಯವ್ವಾ?" ಗಂಡಸಿನ ದನಿ. ಸ್ಟೇರಿಂಗನ್ನು ಮೆಲ್ಲಗೆ ತಟ್ಟುತ್ತಿದ್ದ ಸದ್ದು. "ನಾಲ್ಕು ತಿಂಗಳಾತು. ದಾರಿ ನೋಡಿ ನೋಡಿ ಸಾಕಾತು ನನಗ. ಬಿಳಿ ಬಣ್ಣದಾಕಿನ ಬೇಕಂತ ಹಟ ಹಿಡದೇನಂತ ಇಷ್ಟು ಬಿಗುಮಾನ ಏನು?"

ಮಧುರಾ ಉಸಿರು ಬಿಗಿಹಿಡಿದಳು. ಈಗ ಎದ್ದರೆ ಅವನಿಗೆ ನಾಚಿಕೆ, ಏಳದಿದ್ದರೆ ತನಗೆ. ಕಾಲು ಜೋಮು ಹಿಡಿಯಿತು. ಕೊನೆಗೆ ತಡೆಯಲಾರದೆ ಸೀಟಿನ ಹಿಂದಿನಿಂದ ಮೆಲ್ಲಗೆ ತಲೆ ಎತ್ತಿದಳು.

ಅವನು ಒಳಗಿನ ಕನ್ನಡಿಯಲ್ಲಿ ಮೊದಲು ಎರಡು ಕಣ್ಣುಗಳನ್ನು ಕಂಡ.

"ಅಯ್ಯಪ್ಪಾ!"

ಬೆಚ್ಚಿ ಕೈ ಊರಿದ್ದು ಹಾರ್ನಿನ ಮೇಲೆ. ಗಾಜಿನ ಗೋಡೆಗಳ ನಡುವೆ ಆ ಸದ್ದು ಮೂರು ಸುತ್ತು ಸುತ್ತಿತು. ಸುಭಾಷ ಕ್ಯಾಬಿನ್ನಿನಿಂದ ಓಡಿ ಬಂದರು.

"ಎಂತ ಮಾಡ್ತೆ ಮಾರಾಯಾ? ಇರೋದೇ ಒಂದು ಗಾಡಿ!"

"ನನಗೇನ್ ಗೊತ್ರಿ ಸರ್, ಗಾಡಿ ಜೋಡಿ ಮಂದೀನೂ ಫ್ರೀ ಕೊಡ್ತೀರಿ ಅಂತ?"

ಮಧುರಾ ನಗುವನ್ನು ಅಂಗೈಯಿಂದ ಮುಚ್ಚಿಕೊಂಡಳು. ಅಂಗೈ ತುಂಬ ಬಿಸ್ಕತ್ತಿನ ಪುಡಿಯಿತ್ತು. ಮೂಗಿನ ತುದಿಗೆಲ್ಲ ಅದು ಮೆತ್ತಿಕೊಂಡಿತು. ಬಕೆಟ್ಟು ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಇಳಿದವಳು ತಿರುಗಿ ನೋಡದೆ ಓಡಿದಳು.

ಅವನ ಹೆಸರು ಉಲ್ಲಾಸ. ಯಲ್ಲಾಪುರದ ಆಚೆ ಕಿರವತ್ತಿಯವನು. ಓಡಿಸುತ್ತಿದ್ದದ್ದು ಬೇರೆಯವರ ಹಳೆಯ ಕಾರು. ಊರಿನ ಶಾರದವ್ವ ಎಂಬ ಹಿರಿಯ ಹೆಂಗಸನ್ನು ಪ್ರತಿ ಗುರುವಾರ ಡಯಾಲಿಸಿಸ್‌ಗೆ ಶಿರಸಿಯ ಆಸ್ಪತ್ರೆಗೆ ಕರೆತಂದು, ನಾಲ್ಕು ತಾಸು ಕಾದು ವಾಪಸ್ ಒಯ್ಯುವುದು ಅವನ ಕೆಲಸ. ಫೆಬ್ರವರಿಯಲ್ಲಿ ತನ್ನ ಹೆಸರಿಗೊಂದು ಬಿಳಿ ಗಾಡಿ ಬುಕ್ ಮಾಡಿದ್ದ. ಪಟ್ಟಿಯಲ್ಲಿ ಅವನದು ಹನ್ನೊಂದನೇ ನಂಬರು.

ಮರುವಾರವೂ ಬಂದ. ಅದರ ಮರುವಾರವೂ.

"ಗಾಡಿ ಬಂತೇನ್ರಿ?" ಎಂದು ಸುಭಾಷರನ್ನು ಕೇಳುವನು. "ಇಲ್ಲ ಮಾರಾಯಾ" ಎಂದು ಅವರು ಹೇಳಿ ಮುಗಿಸುವ ಮೊದಲೇ ತಲೆಯಾಡಿಸಿ, ಬೂದು ಕಾರಿನ ಡ್ರೈವರ್ ಸೀಟಿನಲ್ಲಿ ಹೋಗಿ ಕೂರುವನು. ಕಾರಿನ ಹಿಂದೆ, ಮೂಲೆಯಲ್ಲಿ, ಚಹಾದ ಮೇಜು. ಅದರ ಪಕ್ಕ ಮಧುರಾಳ ಸ್ಟೂಲು.

ಮೂರನೆಯ ಗುರುವಾರ ಅವಳು ಲೋಟ ತೊಳೆಯುತ್ತ ಸುಮ್ಮನೆ ಕಣ್ಣೆತ್ತಿದಾಗ ಕಾರಿನ ಕನ್ನಡಿ ಓರೆಯಾಗಿತ್ತು. ಅದರಲ್ಲಿ ಎರಡು ಕಣ್ಣುಗಳಿದ್ದವು. ಎಡಗಣ್ಣಿನ ಹುಬ್ಬಿನಲ್ಲಿ ಅಕ್ಕಿಕಾಳಿನಷ್ಟು ಒಂದು ಹಳೆಯ ಗಾಯ, ಅಲ್ಲಿ ಕೂದಲಿರಲಿಲ್ಲ.

ಅವಳು ತಟ್ಟನೆ ಲೋಟದ ಕಡೆ ನೋಡಿದಳು. ಲೋಟ ತೊಳೆದು ಮುಗಿದಿತ್ತು. ಅದನ್ನೇ ಮತ್ತೊಮ್ಮೆ ತೊಳೆದಳು. ಮತ್ತೆ ಕಣ್ಣೆತ್ತಿದಳು. ಕಣ್ಣುಗಳು ಅಲ್ಲೇ ಇದ್ದವು. ಗಾಯದ ಹುಬ್ಬು ನಿಧಾನವಾಗಿ ಮೇಲೇರಿ, 'ಏನು?' ಎಂದು ಕೇಳಿತು.

ಆಮೇಲೆ ಅವನೇ ಇಳಿದು ಮೇಜಿನ ಹತ್ತಿರ ಬಂದ.

"ನಿಮ್ಮ ಹೆಸರೇನ್ರಿ?"

"ಎಂತಕ್ಕೆ?"

"'ಎಂತಕ್ಕೆ' ಅಂತನಾ? ಚಲೋ ಹೆಸರೈತಿ. ಎಂತಕ್ಕೆಯವ್ರ, ಒಂದು ಚಾ ಸಿಗತೈತೇನ್ರಿ?"

"ಗಿರಾಕಿಗಳಿಗೆ ಮಾತ್ರ," ಎಂದಳು ಅವಳು, ನೆಲ ನೋಡುತ್ತ.

"ನಾ ಗಿರಾಕಿ ಅಲ್ಲೇನ್ರಿ? ಹನ್ನೊಂದನೇ ನಂಬರ್."

"ಹನ್ನೊಂದನೇ ಚಾ ಕೊಡ್ತೆ ಹಾಗಾರೆ. ಹತ್ತು ಜನ ಬರ್ಲಿ ಮೊದ್ಲು."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಂಥ ಮಾತು ತನ್ನ ಬಾಯಲ್ಲಿತ್ತೇ? ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಅಲ್ಲಿಂದೀಚೆಗೆ ಅವಳ ಮಾತೆಲ್ಲ 'ಹೌದು', 'ಇಲ್ಲ', 'ಆಯ್ತು'ಗಳಲ್ಲೇ ಮುಗಿಯುತ್ತಿತ್ತು. ಸಿದ್ದಾಪುರದ ಕಡೆಯ ಊರಿನಲ್ಲಿ ಅಮ್ಮ. ಶಿರಸಿಯಲ್ಲಿ ಸೋದರಮಾವನ ಮನೆ, ಈ ಶೋರೂಮು. ಅವಳು ಎಲ್ಲರನ್ನೂ ನೋಡುತ್ತಿದ್ದಳು. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಈಗ ವಾರಕ್ಕೊಂದು ದಿನ, ಅಂಗೈಯಗಲದ ಕನ್ನಡಿಯಲ್ಲಿ, ಒಬ್ಬ ನೋಡುತ್ತಿದ್ದ.

ಚಹಾ ಕೊಟ್ಟಳು. ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದ್ದಳು.

ಪಟ್ಟಿ ಆಮೆಯಂತೆ ಚಲಿಸಿತು. ಕೆಲವರು ಕಾದು ಬೇಸತ್ತು ಹೆಸರು ಹಿಂತೆಗೆದರು. ಕೆಲವರಿಗೆ ಗಾಡಿ ಬಂತು. ಹನ್ನೊಂದು ಎಂಟಾಯಿತು, ಎಂಟು ಐದಾಯಿತು. ನಂಬರು ಇಳಿದಾಗಲೆಲ್ಲ ಅವನಿಗೆ ಖುಷಿ. ಅವಳಿಗೆ ಒಳಗೊಳಗೇ ಏನೋ ಕಡಿಮೆಯಾದ ಹಾಗೆ. ಗಾಡಿ ಬಂದ ಮೇಲೆ ಇಲ್ಲಿಗೆ ಯಾಕೆ ಬರುತ್ತಾನೆ?

ಒಂದು ಗುರುವಾರ ಶಾರದವ್ವನನ್ನೂ ಕರೆದುಕೊಂಡು ಬಂದ. ಸೂಜಿ ಚುಚ್ಚಿ ಚುಚ್ಚಿ ಊದಿದ ಕೈ, ನಗುವ ಬಾಯಿ. ನಡುವಿನ ಸೀಟಿನಲ್ಲಿ ಕೂತು, ಒರಗಿ, ಕಾಲು ಚಾಚಿ ನೋಡಿದಳು.

"ಅಡ್ಡಿಲ್ಲೋ ಉಲ್ಲಾಸ. ಇದರಾಗ ಬಂದ್ರ ನನ್ನ ಸೊಂಟ ಉಳಿತೈತಿ." ಮಧುರಾಳ ಕಡೆ ತಿರುಗಿದಳು. "ಹಾರ್ನ್ ಕೇಳಿ ಓಡಿ ಹೋದಾಕಿ ನೀನೇನವಾ?"

ಮಧುರಾ ತಲೆ ತಗ್ಗಿಸಿದಳು.

"ಕಿರವತ್ತಿಯಿಂದ ಶಿರಸಿಮಟ ನಿನ್ನ ಕತಿನ ಹೇಳ್ತಾನ. ಹೋಗೂ ಮುಂದನೂ ಅದನ. ಎಂಥಾ ಹುಡುಗಿ ಇರಬೇಕಪ್ಪಾ ಅಂದ್ಕೊಂಡಿದ್ದೆ."

"ಅವ್ವಾ, ಸುಮ್ನ ಕುಂದರ್ತಿಯೇನು?" ಉಲ್ಲಾಸನ ಕಿವಿ ಕೆಂಪಾಗಿತ್ತು. ಗಂಡಸರ ಕಿವಿಯೂ ಕೆಂಪಾಗುತ್ತದೆಂದು ಮಧುರಾಳಿಗೆ ಆವತ್ತೇ ಗೊತ್ತಾದದ್ದು.

ಸೆಪ್ಟೆಂಬರಿನ ಮೊದಲ ಗುರುವಾರ ಅವನು ಬಂದಾಗ ನಂಬರು ಎರಡಕ್ಕೆ ಇಳಿದಿತ್ತು. ಪಟ್ಟಿಯಲ್ಲಿ ಅವನ ಮುಂದೆ ದೊಡ್ಮನೆ ಕುಟುಂಬದವರೊಬ್ಬರೇ.

ಆವತ್ತು ಅವನು ಕಾರಿನಲ್ಲಿ ಕೂರಲಿಲ್ಲ. ಚಹಾದ ಮೇಜಿಗೆ ಒರಗಿ ನಿಂತ.

"ಯಲ್ಲಾಪುರದ ಹತ್ರ ಹೊಸ ರೆಸಾರ್ಟ್ ಆಗೇತ್ರಿ. ಖಾಯಂ ಒಂದು ಗಾಡಿ ಬೇಕಂತ ಅವರಿಗೆ. ಈ ತಿಂಗಳ ಕಡೀಕ ನನ್ನ ಹೆಸರಿನ ಗಾಡಿ ಕಾಗದ ತೋರಿಸಿದ್ರ ಕೆಲಸ ನಂದು. ಇಲ್ಲಂದ್ರ ಬ್ಯಾರೆಯವರಿಗೆ."

"ಸಿಕ್ರೆ?"

"ಸಿಕ್ರ ದಸರಾ ದಿನ ನಿಮ್ಮ ಮಾವನ ಮನಿಗೆ ಬರ್ತೇನಿ. ಸ್ವಂತ ಗಾಡಿ ತಗೊಂಡು, ಹೂವು ಏರಿಸ್ಕೊಂಡು."

ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಮುದುರಿ ಮುದ್ದೆಯಾಯಿತು. ಮಾವನಿಗೆ ವಿಷಯ ಹೇಗೋ ತಲುಪಿತ್ತು. 'ಮತ್ತೊಬ್ಬರ ಗಾಡಿ ಹೊಡೆಯೋ ಡ್ರೈವರ್‌ಗೆ ಹೆಣ್ಣು ಕೊಡೋದಿಲ್ಲ, ನಿನ್ನ ಅಮ್ಮ ಪಟ್ಟಿದ್ದು ಸಾಕು' ಎಂದು ಊಟಕ್ಕೆ ಕೂತಾಗ ಹೇಳಿಯಾಗಿತ್ತು.

"ಎಂತಕ್ಕೆ ಬರ್ತ್ರಿ?" ಎಂದು ಕೇಳಿದಳು. ಗೊತ್ತಿದ್ದೂ ಕೇಳಿದಳು. ಅವನ ಬಾಯಿಂದ ಕೇಳಬೇಕಿತ್ತು.

"ನಿಮ್ಮ ಹೆಸರು ಬದಲಿ ಮಾಡಾಕ. 'ಎಂತಕ್ಕೆ' ಅಂತ ಎಷ್ಟು ದಿನ ಕರೀಲಿ?"

ಆ ಸಂಜೆ ಅವಳು ಬೂದು ಕಾರನ್ನು ಎರಡು ಸಲ ಒರೆಸಿದಳು.

ಮುಂದಿನ ವಾರದ ಶನಿವಾರ ಪಿತೃಪಕ್ಷ ಶುರುವಾಯಿತು. ಆ ಹದಿನೈದು ದಿನ ಶೋರೂಮು ಭಣಗುಟ್ಟುತ್ತದೆ. ಬುಕಿಂಗಿಗೂ ಜನ ಬರುವುದಿಲ್ಲ.

ಗುರುವಾರ ಬೆಳಿಗ್ಗೆ ಹಿಂದಿನ ಅಂಗಳಕ್ಕೆ ಉದ್ದನೆಯ ಟ್ರಕ್ಕು ಬಂತು. ಅದರಿಂದ ಇಳಿದದ್ದು ಒಂದೇ ಗಾಡಿ. ಬಿಳಿ. ಏಳು ಸೀಟಿನದು. ಬಾಗಿಲುಗಳಿಗೆ ಇನ್ನೂ ಪ್ಲಾಸ್ಟಿಕ್ ಸುತ್ತಿತ್ತು. ಮಧುರಾ ದಾರಿಯ ಧೂಳು ಒರೆಸುತ್ತ ಒಂದು ಸುತ್ತು ಬಂದಳು. ಗಾಡಿ ಅವಳಿಗೆ ಮೊದಲೇ ಗುರುತಿದ್ದವರ ಹಾಗೆ ಕಂಡಿತು.

ಸುಭಾಷ ದೊಡ್ಮನೆಗೆ ಫೋನು ಮಾಡಿ, ಹಣೆ ಉಜ್ಜಿಕೊಳ್ಳುತ್ತ ಬಂದರು.

"ಪಕ್ಷದಲ್ಲಿ ಗಾಡಿ ಬೇಡ ಅಂದ್ರು. ಸಹಿ ಹಾಕೋದೂ ಬೇಡ ಅಂದ್ರಂತೆ ಮನೆ ಹಿರಿಯರು. ನವರಾತ್ರಿಗೆ ಬರ್ತ್ವಂತೆ. ಅಲ್ಲಿವರೆಗೆ ನಾ ಇಟ್ಕೊಂಡ್ರೆ ಆಗ್ತದಾ? ನಾಳೆಯೊಳಗೆ ಬಿಲ್ ಆಗ್ಲಿಲ್ಲ ಅಂದ್ರೆ ಕಂಪನಿಯವರು ಬೇರೆ ಊರಿಗೆ ಎತ್ತಿ ಕೊಡ್ತಾರೆ." ಮತ್ತೆ ಫೋನು ಕಿವಿಗಿಟ್ಟು ನೋಡಿದರು. "ನಿನ್ನ ಕಿರವತ್ತಿಯವನ ಫೋನು ಹತ್ತೂದೇ ಇಲ್ಲ. ಕಾಡಿನ ದಾರಿಲಿ ಇದ್ನೇನ. ಗುರುವಾರ ಅಲ್ದಾ, ಬಂದೇ ಬರ್ತಾನೆ. ನಾ ಹುಬ್ಬಳ್ಳಿ ಮೀಟಿಂಗಿಗೆ ಹೊರಟೆ. ಗಾಡಿ ಬಂದದೆ, ಬೇಕಾ ಬೇಡ್ವಾ ಕೇಳು. ನಾಕು ಗಂಟೆಗೆ ಫೋನ್ ಮಾಡ್ತೆ. ಅವ ಬೇಡ ಅಂದ್ರೆ ಮೂರನೇ ನಂಬರು ಯಲ್ಲಾಪುರದ ಹಯಾತ್ ಸಾಬ್ರು. ಅವ್ರಿಗೆ ಪಕ್ಷ ಗಿಕ್ಷ ಇಲ್ಲ."

"ಆಯ್ತು," ಎಂದಳು ಮಧುರಾ.

ಅವಳ ಅಪ್ಪ ಏಳು ವರ್ಷದ ಹಿಂದೆ ಹೊಸ ಲಗೇಜ್ ರಿಕ್ಷಾ ತಂದದ್ದು ಇಂಥದೇ ಪಕ್ಷದಲ್ಲಿ. 'ಈಗ ಯಾರೂ ತಗೊಳ್ಳೂದಿಲ್ಲ, ಬೇಗ ಸಿಗ್ತದೆ' ಎಂದು ನಗುತ್ತ ತಂದಿದ್ದ. ಅಮ್ಮ ಆರತಿ ಎತ್ತಿರಲಿಲ್ಲ. ಎರಡು ವಾರ ಕಳೆಯುವುದರೊಳಗೆ ದೇವಿಮನೆ ಘಟ್ಟದಲ್ಲಿ ರಿಕ್ಷಾ ಸಿಕ್ಕಿತು. ಅಪ್ಪ ಅದರ ಕೆಳಗೆ ಸಿಕ್ಕಿದ. ಬ್ರೇಕಿನ ಮಾತು ಯಾರೂ ಆಡಲಿಲ್ಲ. ದಿನದ ಮಾತನ್ನೇ ಎಲ್ಲರೂ ಆಡಿದರು. 'ನಾಕು ದಿನ ಕಾದಿದ್ರೆ' ಎಂದು ಅಮ್ಮ ಇವತ್ತಿಗೂ ಅನ್ನ ಬಡಿಸುತ್ತ ಒಮ್ಮೊಮ್ಮೆ ಹೇಳುತ್ತಾಳೆ, ಯಾರಿಗೂ ಅಲ್ಲ, ಪಾತ್ರೆಗೆ ಹೇಳಿದ ಹಾಗೆ.

ಉಲ್ಲಾಸ ಹನ್ನೊಂದಕ್ಕೆ ಬಂದ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಶಾರದವ್ವನಿಗೆ ಆರಾಮಿಲ್ಲ ಎಂದ. ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ಓರೆ ಮಾಡಿದ. ಮಧುರಾ ಸ್ಟೂಲಿನಿಂದ ಎದ್ದು ಪಕ್ಕಕ್ಕೆ ನಿಂತಳು.

"ಯಾಕ್ರಿ ಎಂತಕ್ಕೆಯವ್ರ? ಇವತ್ತು ಕನ್ನಡಿಯಾಗ ಬರಲೇ ಇಲ್ಲ?"

'ನಿಮ್ಮ ಗಾಡಿ ಬಂದದೆ.' ಮೂರೇ ಮಾತು. ಹಿಂದಿನ ಬಾಗಿಲು ದೂಡಿದರೆ ಮೂವತ್ತು ಹೆಜ್ಜೆಯಲ್ಲಿ ಆ ಗಾಡಿ ನಿಂತಿತ್ತು. ಅವಳು ಚಹಾ ತೆಗೆದುಕೊಂಡು ಕಾರಿನ ಬಳಿ ಹೋದಳು. ಅವನು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ಹಾಗೆ ಕಣ್ಣು ಮುಚ್ಚಿದ ಇನ್ನೊಂದು ಮುಖ ಅವಳು ನೋಡಿದ್ದಳು, ಬಾಳೆ ಎಲೆಯ ಮೇಲೆ ಮಲಗಿಸಿದ್ದಾಗ.

ಚಹಾದ ಲೋಟವನ್ನು ಅವನ ಪಕ್ಕದಲ್ಲಿಟ್ಟಳು.

ನವರಾತ್ರಿಗೆ ಇನ್ನು ಹತ್ತೇ ದಿನ. ಆಗ ಮೂರು ಗಾಡಿ ಬರುತ್ತವೆಂದು ಸುಭಾಷರೇ ಹೇಳಿದ್ದರು. ತಿಂಗಳು ಮುಗಿಯುವುದರೊಳಗೆ ಕಾಗದವೂ ಆಗುತ್ತದೆ, ಒಳ್ಳೆಯ ದಿನವೂ ಆಗುತ್ತದೆ.

"ಹತ್ತು ದಿನ ತಡ ಆದ್ರೆ ಅಡ್ಡಿ ಇಲ್ಯನ್ರಿ?" ಎಂದಳು.

ಅವನು ಕಣ್ಣು ತೆರೆದು ನಕ್ಕ. "ಹತ್ತು ದಿನ ಏನ್ರಿ? ನಿಮ್ಮ ಸಲುವಾಗಿ ಹತ್ತು ವರ್ಷ ಕಾಯ್ತೇನಿ."

ನಗುವಿಗೆ ಹೇಳಿದ ಮಾತದು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನಾಲ್ಕು ಗಂಟೆಗೆ ಸುಭಾಷರ ಫೋನು ಬಂತು. "ಬಂದಿದ್ನಾ? ಎಂತ ಹೇಳ್ದ?"

"ಪಕ್ಷದಲ್ಲಿ ಬೇಡ ಅಂದ್ರು."

ಅಷ್ಟು ಸಲೀಸಾಗಿ ಅವಳು ಯಾವತ್ತೂ ಮಾತಾಡಿದವಳಲ್ಲ.

ಮರುದಿನ ಮಧ್ಯಾಹ್ನ ಹಯಾತ್ ಸಾಬರು ಬಂದು ಗಾಡಿ ಒಯ್ದರು. ಅಭ್ಯಾಸದಂತೆ ಅವಳು ಚಕ್ರದಡಿಗೆ ಇಡಲು ನಿಂಬೆಹಣ್ಣು ತಂದು, ಅವರನ್ನು ನೋಡಿ ತಡೆದಳು. ಅವರು ನಕ್ಕರು. "ಇಡು ಬೇಟಾ. ಯಾರ ಕೈಯಿಂದಾದ್ರೂ ಒಳ್ಳೇದಾಗ್ಲಿ." ಅವಳ ಕೈಗೊಂದು ಪೇಢೆ ಇಟ್ಟರು. ಬಿಳಿ ಗಾಡಿ ನಾಲ್ಕು ನಿಂಬೆ ಒಡೆದು ಯಲ್ಲಾಪುರದ ರಸ್ತೆ ಹಿಡಿಯಿತು. ಪೇಢೆ ಅವಳ ಕೈಯಲ್ಲೇ ಕರಗಿತು.

ಮುಂದಿನ ಎರಡು ಗುರುವಾರ ಉಲ್ಲಾಸ ಬರಲಿಲ್ಲ. ಶಾರದವ್ವನನ್ನು ಹುಬ್ಬಳ್ಳಿಗೆ ಸೇರಿಸಿದ್ದಾರೆಂದು ಸುಭಾಷರಿಗೆ ಯಾರೋ ಹೇಳಿದರು. ನವರಾತ್ರಿ ಬಂತು. ಟ್ರಕ್ಕು ಬರಲಿಲ್ಲ. ದಿನಾ ಬೆಳಿಗ್ಗೆ ಅವಳು ಹಿಂದಿನ ಬಾಗಿಲು ತೆಗೆದು ಖಾಲಿ ಅಂಗಳ ನೋಡಿದಳು. ಐದನೆಯ ದಿನ ಸುಭಾಷ ಕಂಪನಿಯ ಮೆಸೇಜು ಓದಿದರು. ಬಿಳಿ ಬಣ್ಣದ್ದು ಇನ್ನು ಫೆಬ್ರವರಿಗೆ. ತಿಂಗಳು ಮುಗಿಯಿತು.

ದಸರಾ ಮುಗಿದ ಮರುದಿನ ಗುರುವಾರ. ಆಯುಧಪೂಜೆಯ ಚೆಂಡುಹೂವಿನ ಮಾಲೆ ಬೂದು ಕಾರಿನ ಮೇಲೆ ಬಾಡುತ್ತಿತ್ತು. ಉಲ್ಲಾಸ ಬಂದ. ಸುಭಾಷರ ಕ್ಯಾಬಿನ್ನಿಗೆ ಹೋಗಲಿಲ್ಲ. ಸೀದಾ ಅವಳ ಮೇಜಿನ ಎದುರು ಬಂದು ನಿಂತ. ಅವಳು ನೀರು ಕುದಿಯಲಿಟ್ಟಳು.

"ನಿನ್ನೆ ಕಿರವತ್ತಿ ಧಾಬಾದಾಗ ಹಯಾತ್ ಸಾಬ್ರು ಸಿಕ್ಕಿದ್ರು. ರೆಸಾರ್ಟ್ ಕೆಲಸ ಅವರ ಗಾಡಿಗೆ ಆತು. 'ನಿನ್ನ ನಂಬರಿನ ಗಾಡಿ ಅಲ್ಲೇನೋ, ಯಾಕೋ ಬ್ಯಾಡ ಅಂದಿ' ಅಂದ್ರು." ದನಿ ಏರಲಿಲ್ಲ. "ನಾ ಯಾವಾಗ ಬ್ಯಾಡ ಅಂದೆ?"

ನೀರು ಕುದಿಯಿತು. ಅವಳು ಗ್ಯಾಸ್ ಸಣ್ಣ ಮಾಡಿದಳು.

"ನೀವು ಅನ್ಲಿಲ್ಲ. ನಾ ಅಂದೆ."

"ಯಾಕ?"

ಅವಳು ಹೇಳಿದಳು. ಲಗೇಜ್ ರಿಕ್ಷಾ, ಅಮ್ಮ ಎತ್ತದ ಆರತಿ, ಘಟ್ಟ. ಹೇಳುವಾಗ ಅವನ ಅಂಗಿಯ ಎರಡನೇ ಗುಂಡಿಯನ್ನೇ ನೋಡುತ್ತಿದ್ದಳು. ಏಳು ವರ್ಷದಲ್ಲಿ ಯಾರಿಗೂ ಹೇಳಿರದ ಕತೆ, ಲೋಟಕ್ಕೆ ಚಹಾ ಸೋಸುವಷ್ಟರಲ್ಲಿ ಮುಗಿದುಹೋಯಿತು.

"ನವರಾತ್ರಿಗೆ ಬರ್ತದೆ ಅಂದಿದ್ರು. ಹತ್ತು ದಿನ ಅಂದ್ಕೊಂಡೆ. ನಂಗೆ ಗಾಡಿ ಬೇಡಾಗಿತ್ತು. ನೀವು ಉಳೀಬೇಕಾಗಿತ್ತು."

ಅವನು ಕಾರಿನ ಮೇಲಿನ ಮಾಲೆಯಿಂದ ಒಂದು ಎಸಳು ಕಿತ್ತು ಬೆರಳ ನಡುವೆ ಹೊಸೆದ.

"ಇಷ್ಟು ಜೀವ ಇಟ್ಟೀರಿ ಅಂತ ಗೊತ್ತಿರಲಿಲ್ಲ ನನಗ. ಗೊತ್ತಾಗೂದು ಆತು, ಹಿಂಗ ಗೊತ್ತಾತು." ಉಸಿರೆಳೆದುಕೊಂಡ. "ಒಂದು ಮಾತು ಹೇಳಿದ್ರ ಸಾಕಿತ್ತಲ್ರಿ. ಬಿಲ್ ಮಾಡಿಸಿ, ಗಾಡಿ ಇಲ್ಲೇ ಹಿಂದ ನಿಲ್ಲಿಸಿ ಹೋಗ್ತಿದ್ದೆ. ರೆಸಾರ್ಟಿನವರು ಕೇಳಿದ್ದು ಕಾಗದ. ಗಾಡಿ ನವರಾತ್ರಿಗೆ ಒಯ್ತಿದ್ದೆ. ಹತ್ತು ದಿನ ನೀವ ಒರೆಸಿ ಒರೆಸಿ ಇಡ್ತಿದ್ರಿ."

ಅಷ್ಟೇ ಆಗಿತ್ತು ದಾರಿ. ಮೂವತ್ತು ಹೆಜ್ಜೆ. ಅದು ಅವಳಿಗೆ ಹೊಳೆದೇ ಇರಲಿಲ್ಲ. ಕೇಳಿದ್ದರೆ ಅವನಿಗೆ ಹೊಳೆಯುತ್ತಿತ್ತು.

"ಮತ್ತೆ ನಂಬರ್ ಬರ್ತದಲ್ರಿ," ಎಂದಳು. "ಫೆಬ್ರವರಿಗೆ."

"ಗಾಡಿ ಬರಬಹುದು." ಅವನು ಅವಳನ್ನು ನೇರವಾಗಿ ನೋಡಿದ. ಕನ್ನಡಿಯಿಲ್ಲದೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. "ನನ್ನ ಸಲುವಾಗಿ ಹೆದರಿದ್ರಿ, ಅದಕ್ಕ ಸಿಟ್ಟಿಲ್ಲ. ಆದ್ರ ನನ್ನ ಬಾಯಿಲೆ ನೀವು ಮಾತಾಡಿದ್ರಿ ಮಧುರಾ. ನಾ ಇಲ್ಲೇ ಕುಂತಿದ್ದೆ. ನೀವು ಕೊಟ್ಟ ಚಾ ಕುಡಿಯಾಕತ್ತಿದ್ದೆ."

ಮೊದಲ ಸಲ ಅವನು ಅವಳ ಹೆಸರು ಹೇಳಿದ್ದ.

ಹೋಗುವಾಗ ಬೂದು ಕಾರಿನ ಬಾಗಿಲು ತೆಗೆದು ಕುಳಿತ. ಕೈ ಕನ್ನಡಿಯ ಕಡೆ ಹೋಯಿತು. ಅದನ್ನು ನೇರ ಮಾಡಿದ. ಮತ್ತೆ ಎರಡು ಬೆರಳಿನಿಂದ ಅದನ್ನು ಮೊದಲಿನ ಹಾಗೆ ಓರೆ ಮಾಡಿ, ಇಳಿದು, ಗಾಜಿನ ಬಾಗಿಲು ದೂಡಿಕೊಂಡು ಹೋದ. ಮೇಜಿನ ಮೇಲಿನ ಚಹಾಕ್ಕೆ ಕೆನೆ ಕಟ್ಟಿತು.

ಆಮೇಲಿನ ಗುರುವಾರಗಳು ಬೇರೆ ವಾರಗಳ ಹಾಗೇ ಬಂದು ಹೋದವು.

ಗಿರಾಕಿಗಳು ಬೂದು ಕಾರಿನಲ್ಲಿ ಕೂತು ಕನ್ನಡಿ ತಿರುಗಿಸುತ್ತಿದ್ದರು. ಸಂಜೆ ಎಲ್ಲರೂ ಹೋದ ಮೇಲೆ ಮಧುರಾ ಕಿಟಕಿಯಿಂದ ಕೈ ಹಾಕಿ ಅದನ್ನು ಮೊದಲಿನ ಹಾಗೆ ಓರೆ ಮಾಡುತ್ತಿದ್ದಳು. ಸ್ಟೂಲಿಗೆ ಹೋಗಿ ಕೂತು ನೋಡುತ್ತಿದ್ದಳು. ಡ್ರೈವರ್ ಸೀಟಿನ ತಲೆದಿಂಬು ಕಂಡರೆ ಸರಿ. ಕಾಣದಿದ್ದರೆ ಎದ್ದು ಹೋಗಿ ಎಳ್ಳಷ್ಟು ಸರಿಸಿ ಮತ್ತೆ ಬಂದು ಕೂರುತ್ತಿದ್ದಳು. ಒಮ್ಮೊಮ್ಮೆ ಐದಾರು ಸಲ.

ಡಿಸೆಂಬರಿನಲ್ಲಿ ಶಾರದವ್ವ ಬಂದಳು. ಕೈಹಿಡಿದು ನಡೆಸಿಕೊಂಡು ಬಂದ ಡ್ರೈವರ್ ಬೇರೆಯವನು. ಅವಳು ಅರ್ಧಕ್ಕರ್ಧ ಸಣ್ಣಗಾಗಿದ್ದಳು. ಮಧುರಾ ಅವಳನ್ನು ತನ್ನ ಸ್ಟೂಲಿನಲ್ಲಿ ಕೂರಿಸಿದಳು.

"ಬುಕಿಂಗ್ ಬಿಡಿಸ್ಕೊಂಡ ಅವ. ಗೋವಾದಾಗ ಲಾರಿ ಹೊಡೀತಾನಂತ. ಫೋನ್ ನಂಬರೂ ಬದಲಿ ಮಾಡ್ಯಾನ."

"ನನ್ ಮೇಲೆ ಸಿಟ್ಟು ಅದೆ ಅವ್ರಿಗೆ," ಎಂದಳು ಮಧುರಾ.

"ಇಲ್ಲವಾ." ಶಾರದವ್ವ ಊದಿದ ಕೈಯಿಂದ ಅವಳ ಕೆನ್ನೆ ಸವರಿದಳು. "ಸಿಟ್ಟಿದ್ರ ಬರ್ತಿದ್ದ. ಬಂದು ಬೈದು ಹೋಗ್ತಿದ್ದ."

ಅವಳು ಹೋದ ಮೇಲೆ ಮಧುರಾ ಕಾರಿನ ಮುಂದಿನ ಬಾಗಿಲು ತೆರೆದಳು. ದಿನಾ ಒರೆಸುವ ಸೀಟು ಅದು. ಒಮ್ಮೆಯೂ ಅದರಲ್ಲಿ ಕೂತವಳಲ್ಲ. 'ಕುಂದರ್ರಿ ಒಮ್ಮೆ' ಎಂದು ಅವನು ಎಷ್ಟು ಸಲ ಕರೆದಿದ್ದ. ಕುಳಿತಳು. ಸ್ಟೇರಿಂಗ್ ಮೇಲೆ ಕೈ ಇಟ್ಟಳು. ತಲೆ ಎತ್ತಿದಳು.

ಕನ್ನಡಿಯಲ್ಲಿ ರಸ್ತೆ ಇರಲಿಲ್ಲ, ಶೋರೂಮಿನ ಬಾಗಿಲಿರಲಿಲ್ಲ. ಅವಳ ಸ್ಟೂಲಿತ್ತು. ಸ್ಟೂಲಿನ ಕೆಳಗೆ ಅವಳು ಬಿಟ್ಟ ಚಪ್ಪಲಿ, ಗೋಡೆಯ ಮೊಳೆಗೆ ನೇತುಹಾಕಿದ ಅವಳ ಊಟದ ಚೀಲ, ಬಟ್ಟೆ ಒಣಗಿಸುವ ದಾರ. ಅಷ್ಟು ತಿಂಗಳು ಅವಳು ಅವನ ಕಣ್ಣನ್ನಷ್ಟೇ ನೋಡಿದ್ದಳು. ಅವನಿಗೆ ಇವೆಲ್ಲ ಕಾಣುತ್ತಿದ್ದವು. ಅಂಗೈಯಗಲದ ಗಾಜಿನಲ್ಲಿ ಅವಳ ಇಡೀ ಬದುಕು ಹಿಡಿಸಿತ್ತು. ಅವಳೊಬ್ಬಳು ಅಲ್ಲಿರಲಿಲ್ಲ, ಇಲ್ಲಿ ಕೂತಿದ್ದರಿಂದ.

ಫೆಬ್ರವರಿಯಲ್ಲೂ ಗಾಡಿ ಬರಲಿಲ್ಲ. ಕಾದು ಕಾದು ಸಾಕಾದ ದೊಡ್ಮನೆಯವರು, ತೋರಿಸುವ ಕಾರನ್ನೇ ಕೊಟ್ಟುಬಿಡಿ, ಬಣ್ಣ ಯಾವುದಾದರೂ ಆದೀತು ಎಂದರು. ಸುಭಾಷ ಕಂಪನಿಯನ್ನು ಕೇಳಿ ಒಪ್ಪಿಸಿದರು.

ಒಳ್ಳೆಯ ದಿನ, ಒಳ್ಳೆಯ ಹೊತ್ತು ನೋಡಿಕೊಂಡು ಮನೆಮಂದಿಯೆಲ್ಲ ಬಂದರು. ಮಧುರಾ ಬೆಳಿಗ್ಗೆ ಬೇಗ ಬಂದು ಕಾರು ಒರೆಸಿದ್ದಳು. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಕೆಂಪು ರಿಬ್ಬನ್ ಕಟ್ಟಿದಳು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟಳು. ಭಟ್ಟರು ತೆಂಗಿನಕಾಯಿ ಒಡೆದರು. ಯಾರೋ ಫೋಟೋ ತೆಗೆದರು, ಯಾರೋ ಸಿಹಿ ಹಂಚಿದರು. ಮನೆಯ ಮಗ ವಿನೋದ, ಮದುವೆಯಾಗಿ ಮೂರು ತಿಂಗಳಾದವನು, ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕುಳಿತ. ಕಾರು ಸ್ಟಾರ್ಟ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ವಿನೋದ ತಲೆ ಎತ್ತಿ ನೋಡಿದ.

"ಈ ಕನ್ನಡಿ ಎಂತಕ್ಕೆ ಹಿಂಗಿದ್ದು? ಹಿಂದೆ ಎಂತದೂ ಕಾಣ್ತಿಲ್ಲೆ," ಎಂದು ಹೆಂಡತಿಗೆ ಹೇಳಿ ಕೈ ಎತ್ತಿದ.

ಯಾರ ನಡುವೆಯೂ ಮಾತಾಡದ ಮಧುರಾ, ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ, ಜನರನ್ನು ದಾಟಿ ಮುಂದೆ ಬಂದಳು. ಕಾರಿನ ಗಾಜು ಆಗಲೇ ಏರುತ್ತಿತ್ತು.

"ಅಣ್ಣಾ, ಆ ಕನ್ನಡಿ ಒಂದು ಹಾಗೇ ಇರ್ಲಿ ಬಿಡಿ."